ಕರ್ಪೂರ, ಹಂದಿ ಮತ್ತು ಕರೆಂಟ್ ಚಿಕಿತ್ಸೆ

ಹೋದ ವರ್ಷ ಗೆಳೆಯನೊಬ್ಬ ಫೋನ್ ಮಾಡಿದ್ದ. "ಅಮ್ಮಂಗೆ ಕರೆಂಟ್ ಕೊಡಿಸಿ ಅಂತಿದಾರೆ ಕಣೋ ಡಾಕ್ಟ್ರು, ಏನ್ ಮಾಡ್ಲಿ?" ಅವರು ಊಟ, ಮಾತು ಎರಡೂ ಬಿಟ್ಟು ವಾರಗಳಾಗಿದ್ದವು. ಮಾತ್ರೆ ಹಿಡಿದಿರಲಿಲ್ಲ. ನನಗೂ ನೆನಪಾಗಿದ್ದು ಸಿನಿಮಾಗಳೇ: ಕೈಕಾಲು ಅದುಮಿ ಹಿಡಿದು ತಲೆಗೆ ಶಾಕ್... ಆ ರಾತ್ರಿ ಇದರ ಚರಿತ್ರೆ ಓದುತ್ತಾ ಕೂತೆ.

ಶುರುವಾಗಿದ್ದೇ ಒಂದು ತಪ್ಪು ಊಹೆಯಿಂದ! ಫಿಟ್ಸ್ ಮತ್ತು ಸ್ಕಿಜೋಫ್ರೀನಿಯಾ ಒಂದಕ್ಕೊಂದು ಶತ್ರುಗಳು ಎಂದು ನಂಬಿದ್ದ ಮೆಡುನಾ, 1934ರಲ್ಲಿ ಹಂಗೇರಿಯಲ್ಲಿ ಕರ್ಪೂರದ ಇಂಜೆಕ್ಷನ್ ಕೊಟ್ಟು ರೋಗಿಗಳಿಗೆ ಫಿಟ್ಸ್ ಬರಿಸಿದ. (ಹೌದು, ಮಂಗಳಾರತಿಯ ಅದೇ ಕರ್ಪೂರ.) ಊಹೆ ಬಿದ್ದುಹೋಯಿತು, ಆದರೆ ಕೆಲವು ರೋಗಿಗಳು ಚೇತರಿಸಿಕೊಂಡರು.

ಇದಕ್ಕೆ ಕರೆಂಟ್ ಬಳಸಬಹುದೇ ಎಂದು ಯೋಚಿಸಿದವರು ರೋಮ್‌ನ ಚೆರ್ಲೆಟ್ಟಿ ಮತ್ತು ಬೀನಿ. ಕಸಾಯಿಖಾನೆಯಲ್ಲಿ ಹಂದಿಗಳ ತಲೆಗೆ ಕರೆಂಟ್ ಕೊಟ್ಟು ಪ್ರಜ್ಞೆ ತಪ್ಪಿಸುತ್ತಿದ್ದರು. ಕತ್ತು ಕೊಯ್ಯದೆ ಬಿಟ್ಟರೆ ಹಂದಿ ಸ್ವಲ್ಪ ಹೊತ್ತಿಗೆ ಎದ್ದು ಓಡುತ್ತಿತ್ತು! ಅಂದರೆ ಇದರಿಂದ ಸಾಯುವುದಿಲ್ಲ ಎಂಬ ಧೈರ್ಯ ಬಂತು. 1938ರ ಏಪ್ರಿಲ್‌ನಲ್ಲಿ ಮೊದಲ ಮನುಷ್ಯನ ಸರದಿ. ರೈಲ್ವೇ ಸ್ಟೇಷನ್‌ನಲ್ಲಿ ಅರ್ಥವಾಗದ ಭಾಷೆಯಲ್ಲಿ ಬಡಬಡಿಸುತ್ತಾ ಸಿಕ್ಕಿದ್ದ, ಮಿಲಾನಿನ ಒಬ್ಬ ಇಂಜಿನಿಯರ್. (ನಮ್ಮವನೇ ಆಗಬೇಕಿತ್ತಾ!)

ಆಗ ಅರಿವಳಿಕೆ ಇರಲಿಲ್ಲ. ಫಿಟ್ಸ್‌ನ ಎಳೆತಕ್ಕೆ ಬೆನ್ನುಮೂಳೆಯೇ ಮುರಿದದ್ದುಂಟು. 1950ರ ದಶಕದಲ್ಲಿ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ, ಜೊತೆಗೆ ಅರಿವಳಿಕೆ ಬಂದ ಮೇಲೆ ಚಿತ್ರವೇ ಬದಲಾಯಿತು. ಈಗ ರೋಗಿ ನಿದ್ದೆಯಲ್ಲಿರುತ್ತಾರೆ, ಫಿಟ್ಸ್ ಒಂದು ನಿಮಿಷದೊಳಗೆ ಮುಗಿಯುತ್ತದೆ, ಮೈ ಹೆಚ್ಚು ಅಲುಗುವುದೂ ಇಲ್ಲ. ಆದರೆ ಜನರ ತಲೆಯಲ್ಲಿ ಉಳಿದಿದ್ದು 1975ರ 'ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್' ದೃಶ್ಯ.

ಹಾಗಂತ ಭಯವೆಲ್ಲ ಸಿನಿಮಾದವರ ಸೃಷ್ಟಿ ಅನ್ನಲಾರೆ. ನಮ್ಮ ದೇಶದಲ್ಲಿ ಅರಿವಳಿಕೆಯಿಲ್ಲದೆ ಶಾಕ್ ಕೊಡುವುದನ್ನು ಕಾನೂನು ನಿಷೇಧಿಸಿದ್ದು 2017ರಲ್ಲಿ! ಔಷಧ ಬಂದು ಅರವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಇನ್ನೊಂದು ಕಡೆ, 1982ರಷ್ಟು ಹಿಂದೆಯೇ ನಮ್ಮ ನಿಮ್ಹಾನ್ಸ್‌ನ ಗಂಗಾಧರ್ ಮತ್ತು ಸಂಗಡಿಗರು ಈ ಚಿಕಿತ್ಸೆಯನ್ನು ಖಿನ್ನತೆಯ ಮಾತ್ರೆಯ ಜೊತೆ ಹೋಲಿಸಿ ನೋಡಿದ್ದರು. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಮರ್ಶೆ, ಇಂಥ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ, ಖಿನ್ನತೆಯಲ್ಲಿ ಇದು ಮಾತ್ರೆಗಿಂತ ಹೆಚ್ಚು ಪರಿಣಾಮಕಾರಿ ಎಂದಿತು. ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ ಇನ್ನೂ ಪೂರ್ತಿ ಬಿಡಿಸಿಲ್ಲ.

ಗೆಳೆಯನಿಗೆ ಹೇಳಿದ್ದು ಇಷ್ಟೇ: "ಅರಿವಳಿಕೆ ಕೊಡ್ತಾರಾ ಅಂತ ಕೇಳು, ಮರೆವಿನ ವಿಷಯಾನೂ ಕೇಳು." ಎರಡನ್ನೂ ಕೇಳಿಯೇ ಒಪ್ಪಿದ. ಐದನೇ ಸಲದ ಮಾರನೇ ದಿನ ಅಮ್ಮ ತಾವಾಗಿಯೇ ಕಾಫಿ ಕೇಳಿದರಂತೆ. ಆ ತಿಂಗಳು ಮನೆಯಲ್ಲಿ ನಡೆದ ಮೊಮ್ಮಗಳ ನಾಮಕರಣ ಮಾತ್ರ ಅವರಿಗೆ ಇವತ್ತಿಗೂ ನೆನಪಿಲ್ಲ. ಆಗಾಗ ಆಲ್ಬಮ್ ತೆಗೆದು ನೋಡುತ್ತಿರುತ್ತಾರೆ.