ಟೈಲರ್ ಪೆರಿಯ ‘ಫಾರ್ ಕಲರ್ಡ್ ಗರ್ಲ್ಸ್’ಗೆ ಆಸ್ಕರ್ ಯಾಕೆ ಒಲಿಯಲಿಲ್ಲ?

ಗಲ್ಲಾಪೆಟ್ಟಿಗೆ ಗೆದ್ದ ನಿರ್ದೇಶಕ ಗಂಭೀರ ನಾಟಕವೊಂದನ್ನು ಸಿನಿಮಾ ಮಾಡಿದರೆ ಪ್ರಶಸ್ತಿ ಸಿಗುತ್ತಾ? ಅಮೆರಿಕದ ಟೈಲರ್ ಪೆರಿ ಇದಕ್ಕೆ ಒಳ್ಳೆಯ ಉದಾಹರಣೆ. ಹೆಣ್ಣುವೇಷ ಹಾಕಿ, ಮಡೀಯಾ ಎಂಬ ಗಟ್ಟಿಬಾಯಿ ಅಜ್ಜಿಯಾಗಿ ನಗಿಸಿ ಹಣ ಗಳಿಸಿದವರು ಅವರು. 2010ರಲ್ಲಿ ಎಂಟೊಜಾಕಿ ಶಾಂಗೆಯವರ ನಾಟಕ ಆಧರಿಸಿ ‘ಫಾರ್ ಕಲರ್ಡ್ ಗರ್ಲ್ಸ್’ ತೆಗೆದರು.

1976ರಲ್ಲಿ ಬ್ರಾಡ್‌ವೇಗೆ ಬಂದ ಆ ನಾಟಕದಲ್ಲಿ ಒಂದು ಕಥೆ ಅಂತಲೇ ಇಲ್ಲ. ಏಳು ಕಪ್ಪು ಹೆಣ್ಣುಮಕ್ಕಳು; ತೊಟ್ಟ ಬಣ್ಣವೇ ಅವರ ಗುರುತು. ಕವಿತೆ ಹೇಳ್ತಾರೆ, ಕುಣೀತಾರೆ. ಪೆರಿ ಅವರಿಗೆ ಹೆಸರು, ಮನೆ, ಕೆಲಸ ಕೊಟ್ಟು ಕಥೆ ಹೊಲಿದರು. ಕಿಂಬರ್ಲಿ ಎಲೀಸ್, ಲೊರೆಟಾ ಡಿವೈನ್ ಕವಿತೆ ನುಡಿದಾಗ ಮೈ ಜುಂ ಅನ್ನುತ್ತೆ. ನಡುವಿನ ಕಥೆ ಮಾತ್ರ ಧಾರಾವಾಹಿಯ ಹಾಗೆ ಅಳಿಸಲು ಹೊರಡುತ್ತದೆ.

ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಇದಕ್ಕೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಕೊಟ್ಟಿತು. ಆಸ್ಕರ್‌ಗೆ ನಾಮನಿರ್ದೇಶನವೂ ಸಿಗಲಿಲ್ಲ.

ಇದು ಬರೀ ಜನಪ್ರಿಯತೆ ಮೇಲಿನ ತಾತ್ಸಾರ ಅಂತ ನನಗನ್ನಿಸಲ್ಲ. ಪೆರಿ ಕಾರ್ಯನಿರ್ವಾಹಕ ನಿರ್ಮಾಪಕರಲ್ಲೊಬ್ಬರಾಗಿದ್ದ, 2009ರ ‘ಪ್ರೆಷಸ್’ಗೆ ಎರಡು ಆಸ್ಕರ್ ಬಂದಿದ್ದವು. 2016ರಲ್ಲಿ ತಾರಾನಟ ಡೆನ್ಜೆಲ್ ವಾಷಿಂಗ್ಟನ್ ‘ಫೆನ್ಸಸ್’ ನಿರ್ದೇಶಿಸಿದಾಗ, ನಾಟಕಕಾರ ಆಗಸ್ಟ್ ವಿಲ್ಸನ್ ತಾವೇ ಬರೆದಿದ್ದ ಚಿತ್ರಕಥೆಯನ್ನು ನೆಚ್ಚಿದರು. ವಯೋಲಾ ಡೇವಿಸ್ ಆಸ್ಕರ್ ಗೆದ್ದರು.

ಜನಪ್ರಿಯ ನಿರ್ದೇಶಕನಿಗೂ ಪ್ರಶಸ್ತಿಯ ಬಾಗಿಲು ತೆರೆದೇ ಇದೆ. ನಾಟಕದ ಮಾತನ್ನು ನಂಬುವ ಧೈರ್ಯ ಬೇಕು, ಅಷ್ಟೇ.