ಮೋಟಾರು ಬಂಡಿಯ ಕಿಡಿಯೂ ತಂತಿಯೂ

೧೮೮೮ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಮ್ಯಾನ್‌ಹೈಮ್ ನಗರದಿಂದ ಬರ್ಥಾ ಬೆಂಜ್ ಎಂಬ ಮಹಿಳೆಯು ತನ್ನ ಇಬ್ಬರು ಗಂಡುಮಕ್ಕಳೊಡನೆ ಮೂರು ಚಕ್ರದ ಬಂಡಿಯೊಂದನ್ನೇರಿ ಫೋರ್ಟ್ಸ್‌ಹೈಮ್ ಎಂಬ ಊರಿಗೆ ಹೊರಟಳು. ಬಂಡಿಯು ಆಕೆಯ ಪತಿ ಕಾರ್ಲ್ ಬೆಂಜನು ನಿರ್ಮಿಸಿದುದು. ಪ್ರಯಾಣದ ಸುದ್ದಿಯನ್ನು ಮಾತ್ರ ಆತನಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ನೂರು ಕಿಲೋಮೀಟರಿಗೆ ಮೀರಿದ ಆ ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳೆಂದೂ, ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳೆಂದೂ ಹೇಳುವರು. ಹಾಗಿದ್ದಲ್ಲಿ, ಮೋಟಾರಿನ ದೂರಪ್ರಯಾಣದ ಚರಿತ್ರೆಯೂ ತಂತಿಯ ದುರಸ್ತಿಯ ಚರಿತ್ರೆಯೂ ಒಂದೇ ದಿನ ಹುಟ್ಟಿದುವೆನ್ನಬಹುದು.

ಇಂಜಿನಿನ ಉರುಳೆಯೊಳಗೆ ಅನಿಲಕ್ಕೆ ತಕ್ಕ ಕ್ಷಣದಲ್ಲಿ ಬೆಂಕಿ ತಗುಲಿಸುವುದು ಹೇಗೆ? ಆದಿಯಲ್ಲಿ ಇದೇ ದೊಡ್ಡ ಸಮಸ್ಯೆ. ಡೈಮ್ಲರನು ಕಾಯಿಸಿದ ಕೊಳವೆಯನ್ನು ನೆಚ್ಚಿದನು. ಬೆಂಜನು ವಿದ್ಯುತ್ತಿನ ಕಿಡಿಯನ್ನು ಆರಿಸಿಕೊಂಡನು. ೧೮೬೦ರಲ್ಲಿಯೇ ಲೆನ್ವಾರನು ತನ್ನ ಅನಿಲ ಯಂತ್ರದಲ್ಲಿ ಅದನ್ನು ಬಳಸಿದ್ದನು. ಇವೆಲ್ಲಕ್ಕೂ ಮೂಲ ೧೮೩೧ರಲ್ಲಿ ಫ್ಯಾರಡೆಯು ಕಂಡ ತತ್ತ್ವ. ಒಂದು ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಥಟ್ಟನೆ ಕಡಿದರೆ, ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಚಿಮ್ಮುವುದು. ಎರಡನೆಯದರ ಸುತ್ತುಗಳು ಹೆಚ್ಚಿದಷ್ಟೂ ಚಿಮ್ಮುವ ಒತ್ತಡ ಹೆಚ್ಚು.

ಆದರೆ ಆ ಕಾಲದ ಬ್ಯಾಟರಿಗಳು ದುರ್ಬಲ. ದಾರಿಯಲ್ಲಿ ಬರಿದಾದರೆ ಗತಿಯಿಲ್ಲ. ಆದುದರಿಂದ ಇಂಜಿನಿನಿಂದಲೇ ತಿರುಗಿ, ಅಯಸ್ಕಾಂತದ ಬಲದಿಂದ ಕಿಡಿ ಕೊಡುವ ಮ್ಯಾಗ್ನೆಟೋ ಯಂತ್ರವು ಬಂದಿತು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷನ ಕಾರ್ಖಾನೆಯು ೧೮೯೭ರಲ್ಲಿ ಅದನ್ನು ಮೋಟಾರು ತ್ರಿಚಕ್ರಕ್ಕೆ ಅಳವಡಿಸಿತು. ೧೯೦೨ರಲ್ಲಿ ಅಲ್ಲಿನ ಗಾಟ್ಲೊಬ್ ಹೊನಾಲ್ಡನು ಅದನ್ನು ಅಧಿಕ ಒತ್ತಡದ ಯಂತ್ರವಾಗಿ ಸುಧಾರಿಸಿದನು. ಬ್ರಿಟನ್ ದೇಶವು ತನಗೆ ಬೇಕಾದ ಮ್ಯಾಗ್ನೆಟೋಗಳ ಬಹುಭಾಗವನ್ನು ಜರ್ಮನಿಯಿಂದಲೇ ಪಡೆಯುತ್ತಿದ್ದಿತು. ೧೯೧೪ರಲ್ಲಿ ಯುದ್ಧವು ಒದಗಿದಾಗ, ಲಾರಿಗಳಿಗೂ ವಿಮಾನಗಳಿಗೂ ಬೇಕಾದ ಆ ಚಿಕ್ಕ ಯಂತ್ರವನ್ನು ತಾನೇ ತಯಾರಿಸಲು ಅದು ತರಾತುರಿಯಿಂದ ಕಲಿಯಬೇಕಾಯಿತು. ಒಂದು ಕಿಡಿಗಾಗಿ ಪರಾವಲಂಬಿಯಾದುದರ ಬೆಲೆಯನ್ನು ಮಹಾರಾಜ್ಯವೊಂದು ಹೀಗೆ ತೆತ್ತಿತು.

ಇಷ್ಟರಲ್ಲಿ ಅಮೆರಿಕದಲ್ಲಿ ಬೇರೊಂದು ಮಾರ್ಗವು ತೆರೆದಿದ್ದಿತು. ಅಂದು ಇಂಜಿನನ್ನು ಕೈಹಿಡಿಯಿಂದ ತಿರುಗಿಸಿ ಎಬ್ಬಿಸಬೇಕಾಗಿತ್ತು; ಅದು ಹಿಮ್ಮುಖವಾಗಿ ಒದೆದರೆ ಮಣಿಕಟ್ಟು ಮುರಿಯುತ್ತಿದ್ದಿತು. ಡೆಲ್ಕೋ ಸಂಸ್ಥೆಯ ಚಾರ್ಲ್ಸ್ ಕೆಟರಿಂಗನು ೧೯೧೨ರ ಕ್ಯಾಡಿಲಾಕ್ ಬಂಡಿಗೆ ವಿದ್ಯುತ್ತಿನಿಂದ ಚಾಲನೆ, ಬೆಳಕು, ಕಿಡಿ, ಈ ಮೂರನ್ನೂ ಒಂದೇ ವ್ಯವಸ್ಥೆಯಾಗಿ ಒದಗಿಸಿದನು. ಡೈನಮೋ ತುಂಬುವ ಬ್ಯಾಟರಿಯು ಬಂಡಿಯ ಉಗ್ರಾಣವಾಯಿತು. ಬಳಿಕ ಕೊಂಬು, ಗಾಜೊರಸುವ ಕಡ್ಡಿ, ಇಂಧನಮಾಪಕ, ರೇಡಿಯೋ, ಒಂದೊಂದೂ ಈ ಉಗ್ರಾಣಕ್ಕೆ ಬಂದ ನೆಂಟರೇ. ಪ್ರತಿಯೊಬ್ಬನಿಗೂ ಎರಡು ತಂತಿ ಬೇಡವೆಂದು ಬಂಡಿಯ ಕಬ್ಬಿಣದ ಚೌಕಟ್ಟನ್ನೇ ಹಿಂದಿರುಗುವ ದಾರಿಯನ್ನಾಗಿ ಮಾಡಿದರು. ಇದರಿಂದ ತಾಮ್ರವು ಉಳಿಯಿತು. ಆದರೆ ತುಕ್ಕು ಹಿಡಿದ ಒಂದು ತಿರುಪು ಸಹ ದಾರಿಯನ್ನು ತಡೆಯುವಂತಾಯಿತು.

ಈ ತಡೆಯ ಲೆಕ್ಕವನ್ನು ನೋಡೋಣ. ೬ ವೋಲ್ಟಿನ ಬಂಡಿಯಲ್ಲಿ ೨೪ ವ್ಯಾಟಿನ ದೀಪವು ೪ ಆಂಪಿಯರ್ ಪ್ರವಾಹವನ್ನು ಬೇಡುವುದು. ಕೂಡುವೆಡೆಯಲ್ಲಿ ಕಾಲು ಓಮಿನಷ್ಟು ತಡೆಯಿದ್ದರೆ ಸುಮಾರು ೧ ವೋಲ್ಟು, ಎಂದರೆ ಆರರಲ್ಲೊಂದು ಪಾಲು, ಅಲ್ಲಿಯೇ ನಷ್ಟ. ೧೨ ವೋಲ್ಟಿನಲ್ಲಿ ಅಷ್ಟೇ ವ್ಯಾಟಿನ ದೀಪಕ್ಕೆ ೨ ಆಂಪಿಯರ್ ಸಾಕು. ನಷ್ಟವು ಸುಮಾರು ಇಪ್ಪತ್ತನಾಲ್ಕರಲ್ಲೊಂದು ಪಾಲಿಗೆ ಇಳಿಯುವುದು. ೧೯೫೦ರ ದಶಕದ ಮಧ್ಯದಲ್ಲಿ ಅಮೆರಿಕದ ತಯಾರಕರು ೬ ವೋಲ್ಟನ್ನು ಬಿಟ್ಟು ೧೨ಕ್ಕೆ ಹೋದುದಕ್ಕೆ ಇದೂ ಒಂದು ಕಾರಣ.

ಹಳೆಯ ಬಂಡಿಯು ಹೊರಡದೆ ನಿಂತಾಗ ಅನೇಕರು ಕಂಡ ಭಾಗವನ್ನೆಲ್ಲ ಬದಲಾಯಿಸತೊಡಗುವರು. ಇದು ಚಿಕಿತ್ಸೆಯಲ್ಲ, ಜೂಜು. ಪ್ರವಾಹವು ನಡೆಯುವ ದಾರಿಯಲ್ಲಿಯೇ ನಾವೂ ನಡೆಯಬೇಕು: ಬ್ಯಾಟರಿಯಿಂದ ಕೀಲಿಗೆ, ಕೀಲಿಯಿಂದ ಸುರುಳಿಗೆ, ಸುರುಳಿಯಿಂದ ಪ್ರವಾಹವನ್ನು ಕಡಿಯುವ ಬಿಂದುಗಳಿಗೆ. ಒಂದು ಚಿಕ್ಕ ದೀಪ, ಅದಕ್ಕೆ ಎರಡು ತಂತಿ, ಇಷ್ಟೇ ಸಲಕರಣೆ. ಒಂದು ತುದಿಯನ್ನು ಚೌಕಟ್ಟಿಗೆ ಕಟ್ಟಿ, ಕೀಲಿಯನ್ನು ತಿರುವಿ, ಇನ್ನೊಂದನ್ನು ಈ ಘಟ್ಟಗಳಿಗೆ ಕ್ರಮವಾಗಿ ಮುಟ್ಟಿಸಿದರೆ, ಕೊನೆಯದಾಗಿ ಬೆಳಗಿದ ಘಟ್ಟಕ್ಕೂ ಮೊದಲು ಆರಿದ ಘಟ್ಟಕ್ಕೂ ನಡುವೆ ದೋಷವು ಅಡಗಿರುವುದು. ಸುರುಳಿಯ ಬಿಂದುಗಳ ಕಡೆಯ ತುದಿಯಲ್ಲಿ ಮಾತ್ರ, ಇಂಜಿನನ್ನು ತಿರುಗಿಸುವಾಗ ದೀಪವು ಮಿನುಗಬೇಕು. ಎಡೆಬಿಡದೆ ಉರಿದರೆ ಬಿಂದುಗಳು ಕೂಡುತ್ತಿಲ್ಲ, ಇಲ್ಲವೆ ಕೊಳೆಯಾಗಿವೆ. ಹತ್ತದೆಯೇ ಇದ್ದರೆ ಪ್ರವಾಹವು ಅಲ್ಲಿಗೆ ಬರುತ್ತಿಲ್ಲ, ಇಲ್ಲವೆ ಬರುತ್ತಲೇ ಚೌಕಟ್ಟಿಗೆ ಸೋರಿಹೋಗುತ್ತಿದೆ. ನಾಲ್ಕು ಉರುಳೆಗಳ ಇಂಜಿನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಈ ಬಿಂದುಗಳು ಸೆಕೆಂಡಿಗೆ ೧೦೦ ಸಲ ತೆರೆದು ಮುಚ್ಚುವುವೆಂಬುದನ್ನು ನೆನೆದರೆ, ಅವು ಸವೆಯುವುದು ಆಶ್ಚರ್ಯವಲ್ಲ.

ಆದರೆ ದೀಪದ ಸಾಕ್ಷ್ಯಕ್ಕೂ ಮಿತಿಯುಂಟು. ಮಳೆಯಲ್ಲಿ ಒರಸುವ ಕಡ್ಡಿಯನ್ನು ನಡೆಸಿದೊಡನೆಯೇ ಇಂಜಿನು ಕೆಮ್ಮಿ ನಿಲ್ಲುತ್ತಿದ್ದ ಹಳೆಯ ಬಂಡಿಯೊಂದನ್ನು ನಾವು ಬಲ್ಲೆವು. ಸುರುಳಿಯನ್ನೂ ಕಿಡಿಕಡ್ಡಿಗಳನ್ನೂ ಹೊಸದಾಗಿ ಹಾಕಿದ್ದಾಯಿತು. ಪರೀಕ್ಷೆಯ ದೀಪವು ಎಲ್ಲೆಡೆಯೂ ಹತ್ತಿತು. ಕಡೆಗೆ ಸಿಕ್ಕಿದುದು ಕೀಲಿಯ ಹಿಂದೆ ಸಡಿಲಗೊಂಡಿದ್ದ ಒಂದು ತಿರುಪು. ಸುರುಳಿಯೊಂದಕ್ಕೇ ಸಾಲುತ್ತಿದ್ದ ಆ ಸಂಪರ್ಕವು ಎರಡು ಹೊರೆಗಳನ್ನು ಹೊರಲಾರದೆ ಒತ್ತಡವನ್ನು ನುಂಗುತ್ತಿದ್ದಿತು. ಹೊರೆಯಿಲ್ಲದಾಗ ಸರಿಯಾಗಿ ತೋರುವುದೆಲ್ಲ ಸರಿಯಾದುದಲ್ಲವೆಂಬ ಪಾಠವನ್ನು ನಾವು ಆ ಮಳೆಯಲ್ಲಿ ನೆನೆದು ಕಲಿತೆವು.

ಉಪಕರಣಗಳ ವಿಷಯದಲ್ಲಿ ಅಪಾಯವು ಇನ್ನೂ ಹೆಚ್ಚು. ಬ್ರಿಟಿಷ್ ಬಂಡಿಗಳ ತಂತಿಗಳಿಗೆ ಬಣ್ಣಗಳ ಒಂದು ನಿಯಮವುಂಟು: ಕಂದು ಬ್ಯಾಟರಿಯ ನೇರ ತಂತಿ, ಬಿಳಿ ಕೀಲಿಯಿಂದ ಕಿಡಿಗೆ ಹೋಗುವುದು, ಹಸುರು ಕೀಲಿಯನ್ನೂ ಫ್ಯೂಸನ್ನೂ ದಾಟಿ ಉಪಕರಣಗಳಿಗೆ ಹೋಗುವುದು, ಕಪ್ಪು ಚೌಕಟ್ಟಿಗೆ. ಕಂದು ಮತ್ತು ಬಿಳಿಯ ತಂತಿಗಳಿಗೆ ಸಾಮಾನ್ಯವಾಗಿ ಫ್ಯೂಸಿನ ಕಾವಲಿಲ್ಲ. ಹೊಸ ದೀಪವನ್ನೋ ಕೊಂಬನ್ನೋ ಅವಸರದಲ್ಲಿ ಅವುಗಳಿಗೆ ಹೆಣೆದರೆ, ಎಲ್ಲಿಯೋ ಹೊದಿಕೆ ಸವೆದ ದಿನ ತಂತಿಯೇ ಕೆಂಡವಾಗುವುದು. ಅರ್ಧ ಶತಮಾನ ಬಾಳಿದ ಬಂಡಿಯು ಅರ್ಧ ಗಳಿಗೆಯಲ್ಲಿ ಬೂದಿಯಾಗಬಹುದು. ಒಳಗೆ ಕುಳಿತವರ ಪ್ರಾಣಕ್ಕೂ ಕುತ್ತು.

ಬಾನುಲಿಯ ಶ್ರೋತೃಗಳಿಗೆ ಇನ್ನೊಂದು ಮಾತು ರುಚಿಸೀತು. ಬರ್ಥಾ ಬೆಂಜಳು ಪ್ರಯಾಣ ಮಾಡಿದ ಆ ಕಾಲದಲ್ಲಿಯೇ, ಮ್ಯಾನ್‌ಹೈಮಿಗೆ ದೂರವಲ್ಲದ ಕಾರ್ಲ್ಸ್‌ರೂಹೆ ನಗರದಲ್ಲಿ ಹೈನ್‌ರಿಖ್ ಹರ್ಟ್ಸನು ಅಂಥ ಸುರುಳಿಯ ಕಿಡಿಯಿಂದಲೇ ವಿದ್ಯುತ್ತರಂಗಗಳನ್ನು ಹೊರಡಿಸಿ ತೋರಿಸಿದನು. ಒಂದು ಕಿಡಿಯಿಂದ ಮೋಟಾರು, ಇನ್ನೊಂದರಿಂದ ಬಾನುಲಿ. ೧೯೩೦ರಲ್ಲಿ ಅಮೆರಿಕದಲ್ಲಿ ಮೋಟರೋಲಾ ಎಂಬ ಬಂಡಿಯ ರೇಡಿಯೋ ಮಾರಾಟಕ್ಕೆ ಬಂದಾಗ ಈ ದಾಯಾದಿಗಳು ಒಂದೇ ಮನೆಯಲ್ಲಿ ಸೇರಿದರು. ಇಂಜಿನಿನ ಪ್ರತಿ ಕಿಡಿಯೂ ಸಂಗೀತದ ನಡುವೆ ಚಟಚಟಿಸಿತು. ತಡೆಗಳನ್ನೂ ಕಂಡೆನ್ಸರುಗಳನ್ನೂ ನಡುವೆ ಇಟ್ಟು ಸಂಧಿ ಮಾಡಿಸಬೇಕಾಯಿತು.

೧೯೫೧ರಲ್ಲಿ ಸ್ಥಾಪಿತವಾದ, ನಾವು ಮೈಕೋ ಎಂದು ಕರೆದ ಕಾರ್ಖಾನೆಯ ಮೂಲಕ ಬಾಷನ ವಿದ್ಯೆಯು ಬೆಂಗಳೂರಿಗೂ ಬಂದಿತು. ಕಿಡಿಕಡ್ಡಿಗಳು ಇಲ್ಲಿಯೇ ತಯಾರಾದುವು. ಮುಂದೆ ೧೯೭೦ರ ದಶಕದಿಂದ ಅರೆವಾಹಕಗಳು ಬಿಂದುಗಳ ಕೆಲಸವನ್ನು ಕ್ರಮವಾಗಿ ವಹಿಸಿಕೊಂಡುವು. ಹೊಸ ಬಂಡಿಯ ದೋಷವನ್ನು ಗಣಕಯಂತ್ರವೇ ಹೇಳುವುದು. ಹಳೆಯ ಬಂಡಿಯು ಏನನ್ನೂ ಹೇಳದು. ಕೇಳಬಲ್ಲವನಿಗೆ ಮಾತ್ರ ಉತ್ತರ ಕೊಡುವುದು. ಅದನ್ನು ಉಳಿಸಿಕೊಳ್ಳುವವರು ಲೋಹವನ್ನಷ್ಟೇ ಅಲ್ಲದೆ ಈ ಕೇಳುವ ವಿದ್ಯೆಯನ್ನೂ ಉಳಿಸಿಕೊಳ್ಳಲಿ.