ಶಾಂತವೇರಿ ಗೋಪಾಲಗೌಡ: ವೋಟಿನ ಜೊತೆ ನೋಟನ್ನೂ ಕೇಳಿದ ನಾಯಕ

ಚುನಾವಣೆಗೆ ನಿಂತವರು ಜನರಿಗೆ ದುಡ್ಡು ಹಂಚೋದು ಈಗ ಮಾಮೂಲಿ. ಆದರೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಒಬ್ಬರು ಜನರ ಹತ್ತಿರ 'ಒಂದು ವೋಟು, ಒಂದು ನೋಟು' ಕೊಡಿ ಅಂತ ಕೇಳಿ ಗೆದ್ದಿದ್ದರು. ಅವರೇ ಶಾಂತವೇರಿ ಗೋಪಾಲಗೌಡ.

ಹುಟ್ಟಿದ್ದು 1923ರ ಮಾರ್ಚ್ 14, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಆಮೇಲೆ ಸಮಾಜವಾದಿಯಾದರು. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಜಗಳ ಎದ್ದಿತು. ಒಡೆಯರ ಕೊಳಗ ದೊಡ್ಡದು, ನಷ್ಟ ಗೇಣಿದಾರನಿಗೆ. ಎಚ್. ಗಣಪತಿಯಪ್ಪನವರು ಜನರನ್ನು ಒಗ್ಗೂಡಿಸಿದರು, ಗೋಪಾಲಗೌಡರು ಸತ್ಯಾಗ್ರಹದ ಮುಂದಾಳಾದರು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಶುರುವಾದ ಮಾತು 'ಉಳುವವನೇ ಹೊಲದೊಡೆಯ' ಅನ್ನುವವರೆಗೂ ಬೆಳೆಯಿತು.

1952ರಲ್ಲಿ ಸಾಗರ-ಹೊಸನಗರದಿಂದ ಶಾಸಕರಾದರು. 1957ರಲ್ಲಿ ಸೋಲು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆಲುವು. ಸದನದಲ್ಲಿ ಬಡವರ ಪರ ಗುಡುಗುತ್ತಿದ್ದ ಇವರಿಗೆ ಸಾಹಿತ್ಯ, ಸಂಗೀತ ಅಂದರೆ ಪ್ರಾಣ, ಸಾಹಿತಿಗಳೇ ಗೆಳೆಯರು. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಗೆ ಇವರ ಬದುಕೇ ಪ್ರೇರಣೆ. ಸಮಾಜವಾದಿ ಬಳಗದಲ್ಲೇ ಬೆಳೆದ ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಇವರು ಮಾತ್ರ ಮಂತ್ರಿಯೂ ಆಗಲಿಲ್ಲ.

1972ರ ಜೂನ್ 9ರಂದು ತೀರಿಕೊಂಡಾಗ ವಯಸ್ಸು ಇನ್ನೂ 49. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವರ ಹೆಸರಿಗೆ ಬರಲು ದಾರಿಯಾಗಿದ್ದು 1974ರ ಮಾರ್ಚ್ 1ರಂದು. ಎರಡು ವರ್ಷವೂ ತುಂಬಿರಲಿಲ್ಲ, ನೋಡಲು ಗೌಡರು ಇರಲಿಲ್ಲ.